ಎಲೆಕ್ಟ್ರಾನ್ ಯಾಕ ಕುಂಡ್ರಂಗಿಲ್ಲ?

ಬೈಲಹೊಂಗಲದ ಕಾಲೇಜಿನ್ಯಾಗ ಇಪ್ಪತ್ತಾರು ವರ್ಷದಿಂದ ಫಿಜಿಕ್ಸ್ ಕಲಿಸಾಕ ಹತ್ತೇನಿ. ಪಾಠ ನಡದಾಗ ಯಾರೂ ನಗಬಾರದು ಅನ್ನಾಂವ ನಾ. ಹಂಗಂದಷ್ಟೂ ನಗೂವಂಥಾದ್ದು ನನ್ನ ಕ್ಲಾಸಿನ್ಯಾಗ ಆಗತೈತಿ. ಈ ವರ್ಷ ಆದದ್ದು ಎಲೆಕ್ಟ್ರಾನಿನ ಸಲುವಾಗಿ.

ಟವೆಲ್ಲು

"ಎರಡು ಎಲೆಕ್ಟ್ರಾನ್ ಒಂದೇ ಕ್ವಾಂಟಮ್ ಸ್ಥಿತಿಯಾಗ ಇರಂಗಿಲ್ಲ" ಅಂತ ಬೋರ್ಡಿನ ಮ್ಯಾಲೆ ಬರದೆ. ಎಲ್ಲಾರೂ ಬರಕೊಂಡ್ರು. ಸಿರಸಂಗಿಯಿಂದ ದಿನಾ ಬಸ್ಸಿಗೆ ಬರೂ ಹುಡುಗಿ ಒಬ್ಬಾಕಿ ಮಾತ್ರ ಪೆನ್ ಕೆಳಗಿಟ್ಟಳು.

"ಯಾಕ್ರಿ ಸರ್?"

ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ. ಖರೇ ಹೇಳಬೇಕಂದ್ರ, ನನಗೂ ಗೊತ್ತಿದ್ದಿಲ್ಲ. ಎಂ.ಎಸ್ಸಿಯೊಳಗ ಓದಿದ್ದೆ, ಪರೀಕ್ಷೆ ಮುಗದ ಮರುದಿನ ಮರತಿದ್ದೆ. ಆದ್ರ ಮಾಸ್ತರ ಆದಾಂವ ಹಂಗ ಅನ್ನಾಕ ಬರತೈತೇನು?

"ಬಸ್ಸಿನ ಕಿಡಕ್ಯಾಗಿಂದ ಒಬ್ಬಾಂವ ಟವೆಲ್ ಹಾಕಿ ಸೀಟ್ ಹಿಡದಿರತಾನ. ಅಲ್ಲಿ ಮತ್ತೊಬ್ಬಾಂವ ಕುಂಡ್ರತಾನೇನವಾ?"

"ಕುಂಡ್ರತಾರ್ರಿ. ಇವತ್ತ ಮುಂಜಾನೆ ಇಬ್ಬರ ಸೀಟಿನ್ಯಾಗ ನಾಕ ಮಂದಿ ಕುಂತಿದ್ವಿ. ಟವೆಲ್ ಹಾಕಿದಾಂವನs ನಿಂತಿದ್ದ."

ಕ್ಲಾಸ್ ನಕ್ಕಿತು. ನಾ ಹಾಜರಿ ತಗೊಂಡೆ. ಅದು ಆಗಲೇ ಒಮ್ಮೆ ತಗೊಂಡಾಗಿತ್ತು.

ಒಂದು ಕುರ್ಚಿ

ಮರುದಿನ ಆಕಿ ಸ್ಟಾಫ್ ರೂಮಿಗೆ ಅರ್ಜಿ ಹಿಡಕೊಂಡು ಬಂದಳು. ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗತೇನಿ ಅಂತ ಬರದಿದ್ದಳು. ಕ್ಲಾಸ್ ಟೀಚರ್ ಅಂತ ನನ್ನ ಸಹಿ ಬೇಕಾಗಿತ್ತು.

"ಯಾಕವಾ, ಏನಾತು?"

"ಯಾಕಂತ ಕೇಳಿದ್ರ ಹೇಳಂಗಿಲ್ರಿ ನೀವು. ಎಲ್ಲಾರಿಗೂ ತಿಳಿತೈತಿ, ನನಗೊಬ್ಬಾಕಿಗೇ ತಿಳಿಯಂಗಿಲ್ಲ. ಬಾಯಿಪಾಠನs ಮಾಡೂದಾದ್ರ ಅಲ್ಲೇ ಮಾಡತೇನಿ."

ಇಪ್ಪತ್ತಾರು ವರ್ಷದಾಗ 'ಯಾಕ' ಅಂದಾಕಿ ಇಕಿ ಒಬ್ಬಾಕಿ, ಇಕೀನs ಕಳಸೂ ಕಾಗದಕ್ಕ ನನ್ನ ಸಹಿ. ಸೋಮವಾರ ಮಾಡತೇನಿ ಅಂದೆ. ಸುಮ್ನ ಕಳಸಬೇಕಿಲ್ಲೋ? ಇಲ್ಲ, ಇಲ್ಲಿಗೆ ಬರೂ ಮೊದಲಿನ ರಾಮದುರ್ಗದ ನನ್ನ ಹಳೇ ಕತಿ ಸುರು ಮಾಡಿದೆ.

"ನನಗೂ ಇನ್ನೊಬ್ಬರಿಗೂ ಅಲ್ಲಿ ಒಂದs ಹುದ್ದೆಗೆ ಆರ್ಡರ್ ಬಂದಿತ್ತು. ಒಂದು ಕುರ್ಚಿಗೆ ಇಬ್ಬರು. ನಡಿತೈತೇನು? ಎಂಟು ದಿನದಾಗ ಅವರನ್ನ ಸವದತ್ತಿಗೆ ಕಳಿಸಿದ್ರು."

"ಅಂದ್ರ ಎಂಟು ದಿನ ಇದ್ರಲ್ರಿ ಸರ್, ಇಬ್ಬರೂ."

ಬಾಜೂಕಿನ ಟೇಬಲ್ಲಿನ ಕೆಮಿಸ್ಟ್ರಿಯವರು ಚಹಾ ಉಗುಳಿ ನಕ್ಕರು. ಅದು ಬಿದ್ದು ಹಾಳಾದದ್ದು ನನ್ನ ನೋಟ್ಸಿನ ವಹಿ.

ಬೋಗುಣಿ

ರವಿವಾರ ನಾ ಊಟಕ್ಕ ಕುಂತಾಗ ನನ್ನ ಹೆಂಡತಿ ಎರಡು ಸ್ಟೀಲಿನ ಬೋಗುಣಿ ಬೋರಲ ಹಾಕ್ಕೊಂಡು ನೋಡಾಕ ಹತ್ತಿದ್ದಳು. ಒಂದು ನಮ್ಮದು, ಒಂದು ಬಾಜೂಮನಿಯವರದು. ಅವರ ಬಸರಿ ಮಗಳ ಕುಬಸದ ಊಟದಾಗ ಕೂಡಿಬಿಟ್ಟಿದ್ದುವು.

"ಎರಡೂ ಒಂದs ನಮೂನಿ ಅದಾವು. ಯಾವುದರೆ ಇಟಗೋ," ಅಂದೆ.

"ಹೆಸರು ಹಾಕಿಸಿಕೊಂಡು ಬರ್ರಿ ಅಂತ ನಿಮಗ ಎಷ್ಟ ಸಲ ಹೇಳೇನಿ! ಹೆಸರs ಇಲ್ಲಂದಮ್ಯಾಲೆ ಅದಲುಬದಲಾದದ್ದು ಯಾರಿಗೆ ತಿಳೀಬೇಕು?"

ತುತ್ತು ಕೈಯಾಗ ಉಳೀತು. ಎಲೆಕ್ಟ್ರಾನಿಗೂ ಹೆಸರು ಹಾಕಿಸಾಕ ಬರಂಗಿಲ್ಲ! ಎದ್ದು ಕೈ ತೊಳಕೊಂಡು ಅಟ್ಟದ ಮ್ಯಾಲಿನ ಎಂ.ಎಸ್ಸಿ ಪುಸ್ತಕ ತಗದೆ. ಸಂಜೀತನಕ ಓದಿದೆ.

"ನಾ ಬೈದದ್ದು ಬೋಗುಣಿ ಸಲುವಾಗಿ," ಅಂದಳು ಆಕಿ. "ಅಷ್ಟಕ್ಕ ಊಟ ಬಿಟ್ಟು ಅಟ್ಟ ಹತ್ತೂದೇನಿತ್ತು?"

ಸೊನ್ನೆ

ಸೋಮವಾರ ಅರ್ಜಿ ಕ್ಲಾಸಿನ ಟೇಬಲ್ಲಿನ ಮ್ಯಾಲಿತ್ತು, ಪೆನ್ನು ಅದರ ಬಾಜೂಕ. ನಾ ಸೀಮೆಸುಣ್ಣ ತಗೊಂಡೆ.

"ಎಲ್ಲಾರೂ ಕೇಳ್ರಿ. ಒಂದು ಎಲೆಕ್ಟ್ರಾನಿಗೂ ಇನ್ನೊಂದಕ್ಕೂ ಯಾವ ಗುರುತೂ ಇಲ್ಲ. ಎರಡೂ ಕೂಡಿದ ಸ್ಥಿತಿಗೆ ಒಂದು ಲೆಕ್ಕ ಬರೀತಾರ. ಅವನ್ನ ಅದಲುಬದಲು ಮಾಡಿದ್ರ ಆ ಲೆಕ್ಕದ ಚಿಹ್ನೆ ತಿರಗತೈತಿ. ಪ್ಲಸ್ ಇದ್ದದ್ದು ಮೈನಸ್. ಅದು ಎಲೆಕ್ಟ್ರಾನಿನ ಗುಣ. ಈಗ ಎರಡೂ ಒಂದೇ ಸ್ಥಿತಿಯಾಗ ಅದಾವು ಅಂತ ತಿಳೀರಿ. ಅದಲುಬದಲು ಮಾಡಿದ್ರೂ ಇದ್ದದ್ದs ಇರತೈತಿ. ಅಂದ್ರ ಚಿಹ್ನೆ ತಿರಗಲೂಬೇಕು, ತಿರಗಲೂಬಾರದು. ಪ್ಲಸ್ಸಿಗೂ ಮೈನಸ್ಸಿಗೂ ಒಂದೇ ಆಗಿರೂದು ಯಾವುದು?"

ಸಿರಸಂಗಿ ಹುಡುಗೀನs ಅಂದಳು, "ಸೊನ್ನೆ."

"ಹೌದು. ಸೊನ್ನೆ ಅಂದ್ರ ಅಂಥಾ ಸ್ಥಿತಿನs ಇಲ್ಲ. ಸೀಟ್ ತುಂಬೇತಿ ಅಂತ ಯಾರೂ ತಡಿಯಂಗಿಲ್ಲ, ಎಂಟು ದಿನದ ಮ್ಯಾಲೆ ಯಾರೂ ಕಳಸಂಗಿಲ್ಲ. ಈ ನಿಯಮ ಇಲ್ಲದಿದ್ರ ಎಲ್ಲಾ ಎಲೆಕ್ಟ್ರಾನೂ ಪರಮಾಣುವಿನ ತಳದ ಮಟ್ಟಕ್ಕ ಇಳದು ಒಂದs ಕಡೆ ಕೂಡತಿದ್ದುವು. ನೀವು ಕುಂತ ಬೆಂಚೂ ಹಿಂಗ ಗಟ್ಟಿ ಇರತಿದ್ದಿಲ್ಲ."

ಈ ಸಲ ಯಾರೂ ನಗಲಿಲ್ಲ. ಎಲ್ಲಾರೂ ಬಗ್ಗಿ ಬರಕೊಳ್ಳಾಕ ಹತ್ತಿದ್ರು. ಖರೇನ ಕಣ್ಣಾಗ ನೀರು ಬಂತು. ಗೆದ್ದೆ ಅಂದ್ಕೊಂಡು, ವಾಪಸ್ ಕೊಡಾಕ ಅರ್ಜಿ ಕಡೆ ಕೈ ಹಾಕಿದೆ.

"ಸರ್, ಚಿಹ್ನೆ ಯಾಕ ತಿರಗತೈತ್ರಿ?"

ಬಾಯಿಗೆ ಇನ್ನೊಂದು ಬಸ್ಸಿನ ಕತಿ ಬಂತು. ನುಂಗಿದೆ. ಪುಸ್ತಕದಾಗ ಅದಕ್ಕ ಉತ್ತರ ಮುಂದಿನ ಅಧ್ಯಾಯದಾಗ ಇತ್ತು, ಎರಡು ಸಲ ಓದಿದ್ರೂ ನನ್ನ ತಲೀಗೆ ಹತ್ತಿದ್ದಿಲ್ಲ.

"ನನಗ ಗೊತ್ತಿಲ್ಲವಾ," ಅಂದೆ. ಇಪ್ಪತ್ತಾರು ವರ್ಷದಾಗ ಆ ಮಾತು ಕ್ಲಾಸಿನ್ಯಾಗ ಅಂದದ್ದು ಅದs ಮೊದಲು.

ಆಕಿ ಎದ್ದು ಬಂದು, ಅರ್ಜಿ ಎತ್ತಿ, ನಾಕು ಮಡಿಕಿ ಮಾಡಿ ಚೀಲದಾಗ ಹಾಕ್ಕೊಂಡಳು.

"ಹೋಗಂಗಿಲ್ಲೇನವಾ?"

"ಇಲ್ರಿ ಸರ್. ನನಗೊಬ್ಬಾಕಿಗೇ ತಿಳಿಯಂಗಿಲ್ಲ ಅಂತ ಹೊಂಟಿದ್ದೆ. ನೀವೂ ಅದೀರಿ ಅಂದಮ್ಯಾಲೆ, ನಿಮ್ಮನ್ನೊಬ್ಬರನ್ನs ಬಿಟ್ಟು ಹೆಂಗ ಹೋಗ್ಲಿ?"