ಹೊಸ್ತಿಲಲ್ಲೇ ನಿಂತ ಲಗ್ಗೆ

ನನ್ನದೇ ಹೊಸ ಮನೆಯ ಹೊಸ್ತಿಲಲ್ಲಿ ನನ್ನನ್ನೇ ತಡೆದು ನಿಲ್ಲಿಸಿದ್ದರು! ಬೈಲಹೊಂಗಲದ ಬಿಸಿಲು ನೆತ್ತಿ ಸುಡುತ್ತಿತ್ತು. ಪಕ್ಕದಲ್ಲಿ ಹೆಂಡತಿ ಶೈಲಜಾ, ಅವಳ ಕೈಯಲ್ಲಿ ಹಾಲಿನ ಪಾತ್ರೆ. ರಾಹುಕಾಲ ಬರುವುದರೊಳಗೆ ಆ ಹಾಲು ಒಳಗೆ ಒಲೆಯ ಮೇಲೆ ಉಕ್ಕಬೇಕು. ಬಾಗಿಲಿಗೆ ಅಡ್ಡವಾಗಿ ಮುರಗೋಡದಿಂದ ಬಂದ ನನ್ನ ಅಕ್ಕ ಕೃಷ್ಣವ್ವ, ಅವಳ ಹಿಂದೆ ಸಮಸ್ತ ಮಹಿಳಾ ಸೈನ್ಯ!

“ಒಡಪು ಕಟ್ಟಿ ಹೇಂತಿ ಹೆಸರ ಹೇಳು ತಮ್ಮಾ. ಹೇಳೂಮಟಾ ಒಳಗ ಬಿಡೂದಿಲ್ಲ.”

“ಕಾನ್ವೆಂಟಿನ್ಯಾಗ ಕಲತಾರ, ಅವರಿಗೆಲ್ಲಿ ಒಡಪು ಬರತಾವ ಬಿಡ್ರಿ!” ಸೈನ್ಯದಿಂದ ಯಾರೋ ಕಿಸಕ್ಕೆಂದರು.

ಕಾನ್ವೆಂಟಿನವನಾದರೇನು? ನಿಘಂಟನ್ನೇ ತಲೆದಿಂಬು ಮಾಡಿಕೊಂಡವನು ನಾನು! ಎಂಥ ಕ್ರಿಯಾಪದ ಬಿಡುತ್ತೇನೆಂದರೆ, ಬಾಗಿಲು ತಾನಾಗಿ ತೆರೆಯಬೇಕು! ಗಂಟಲು ಸರಿಪಡಿಸಿಕೊಂಡು ಗರ್ಜಿಸಿದೆ:

“ಕಿತ್ತೂರ ಕೋಟೆಗೆ ಲಗ್ಗೆ ಇಟ್ಟಿತು ವೈರಿಯ ಪಡೆ,
ನನ್ನೆದೆಯ ಕೋಟೆಗೆ ಲಗ್ಗೆ ಇಟ್ಟ ಶೈಲಜಾ, ನಿನಗಿಲ್ಲ ತಡೆ!”

ಚಪ್ಪಾಳೆ ಬೀಳಲಿಲ್ಲ.

“ಲಗ್ಗಿ ಇಡೂದಂದ್ರ?” ಅಕ್ಕ ಕೇಳಿದಳು. “ಪೇಪರದಾಗ ಬರೀತಾರಲ್ಲ, ಮಾವಿನಹಣ್ಣು ಪ್ಯಾಟಿಗೆ ಲಗ್ಗಿ ಇಟ್ಟಾವು ಅಂತ, ಹಂಗೇನು?”

‘ಹೂಂ’ ಎಂದಿದ್ದರೆ ಹಾಲು ಉಕ್ಕುತ್ತಿತ್ತು. ಉಕ್ಕಿದ್ದು ನನ್ನ ಪಾಂಡಿತ್ಯ!

“ಛೇ ಛೇ! ಅದು ಯುದ್ಧದ ಮಾತು ಅಕ್ಕಾ. ಕೋಟಿ ಗ್ವಾಡಿಗೆ ಏಣಿ ಹಚ್ಚಿ ಹತ್ತೂದು, ಅಗಸಿ ಬಾಗಲಾ ಮುರಿಯೂದು, ಒಳಗ ನುಗ್ಗಿ ಸಿಕ್ಕದ್ದೆಲ್ಲಾ ಲೂಟಿ ಹೊಡಿಯೂದು. ಅದು ಖರೇ ಲಗ್ಗಿ!”

ಶೈಲಜಾಳ ತವರು ಕಿತ್ತೂರು ಎಂಬ ಸಣ್ಣ ಸಂಗತಿ ನನಗೆ ನೆನಪಾದದ್ದು, ಅವಳು ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದಾಗ.

“ಅಂದ್ರ ನಮ್ಮೂರ ಮ್ಯಾಲ ಬಂದ ವೈರಿ ದಂಡು, ನಾನು, ಎರಡೂ ಒಂದ ಏನ್ರಿ? ನಾ ನಿಮ್ಮನ್ನ ಲೂಟಿ ಹೊಡದೇನೇನು?”

“ಹಂಗಲ್ಲ ಶೈಲೂ, ಅದು ಬರೇ ಅಲಂಕಾರ...”

“ಒಂದ ಬಳಿ ಮಾಡಿಸಿ ಕೊಟ್ಟಿಲ್ಲ, ಅಲಂಕಾರ ಅಂತ! ನೀವ ಒಬ್ರ ಹೋಗಿ ಹಾಲು ಉಕ್ಕಸ್ರಿ. ನಾ ಒಳಗ ಬರೂದಿಲ್ಲ.”

“ರಾಹುಕಾಲ ಬಂತೋ ತಮ್ಮಾ, ಏನರ ಮಾಡೋ!” ಅಕ್ಕ ಕೈ ಕೈ ಹಿಸುಕಿಕೊಂಡಳು.

ನಾನು ಸೋಲುವವನೇ? ಅದೇ ಅಸ್ತ್ರವನ್ನು ತಿರುಗಿಸಿ ಬಿಟ್ಟೆ. “ಆತು, ತಪ್ಪಾತು. ಲಗ್ಗಿ ಇಟ್ಟಾಂವ ನಾನು! ಕಿತ್ತೂರಿಗೆ ಬಂದು ನಿನ್ನ ಮನಸಿನ ಕೋಟಿ ಗೆದ್ದಾಂವ ನಾನ. ಹೌದಲ್ಲೇನು?”

ಶೈಲಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಾತ್ರೆ ಎತ್ತಿಕೊಂಡಳು. ಗೆದ್ದೆ ಎಂದುಕೊಂಡೆ!

“ಎಲ್ಲೀ ಲಗ್ಗಿರಿ? ಬಾಗಲಾ ತಗದಾಂವ ನಮ್ಮಪ್ಪ. ಕುಂಡರಿಸಿ, ಚಾ ಕೊಟ್ಟು, ಕೋಟಿ ತಂದು ನಿಮ್ಮ ಕೈಯಾಗ ಇಟ್ಟಾ.”

ಮಹಿಳಾ ಸೈನ್ಯ ಬಿದ್ದು ಬಿದ್ದು ನಕ್ಕು ಅವಳಿಗೆ ದಾರಿ ಬಿಟ್ಟಿತು. ಬಲಗಾಲಿಟ್ಟು ಒಳಗೆ ಹೋದವಳು ತಿರುಗಿ ನೋಡಿ ಮುಗಿಸಿದಳು:

“ನೀವು ನೋಡಿದ್ರ, ಚಾದಾಗ ಸಕ್ರಿ ಕಡಿಮಿ ಐತಿ ಅಂದ್ರಿ!”