ವಾಪಸು ಬಾರದ ಪುಸ್ತಕಗಳು

ಕೊಟ್ಟ ಪುಸ್ತಕ ವಾಪಸು ಬರಲಿಲ್ಲವೆಂದು ಖುಷಿಪಟ್ಟು ಶಿರಾ ಮಾಡುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮವ್ವನ ತಂಗಿ, ನನ್ನ ಚಿಗವ್ವ! ವಾಪಸು ಬಂತೆಂದರೆ ಮುಗಿಯಿತು, ಆ ದಿನ ಮನೆಯಲ್ಲಿ ಬರೀ ತಿಳಿಸಾರು. ತಂದುಕೊಟ್ಟವರನ್ನು ಒಳಗೆ ಬಾ ಎಂದೂ ಕರೆಯುವುದಿಲ್ಲ.

ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದವಳು ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಈಗ ಗೋರೆಗಾಂವ್‌ನ ಒಂದು ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ ಒಬ್ಬಳೇ ಇದ್ದಾಳೆ. ಅವಳನ್ನು ನಮ್ಮ ಕನ್ನಡ ಸಂಘದ ಮಕ್ಕಳ ಪುಸ್ತಕ ಪ್ರಶಸ್ತಿಗೆ ತೀರ್ಪುಗಾರಳನ್ನಾಗಿ ಮಾಡಿದವನು ಸಂಘದ ಕಾರ್ಯದರ್ಶಿಯಾದ ನಾನೇ. ಬಂದ ಪುಸ್ತಕಗಳನ್ನು ಓದಬೇಕು, ಅಂತಿಮ ಸುತ್ತಿಗೆ ಐದನ್ನು ಆರಿಸಬೇಕು, ಇಷ್ಟೇ ಕೆಲಸ. ಓದುತ್ತಾಳೆ, ಮಾರ್ಕು ಹಾಕುತ್ತಾಳೆ, ಮುಗಿಯಿತು ಅಂದುಕೊಂಡೆ. ಅಷ್ಟು ಬುದ್ಧಿ ಇದ್ದಿದ್ದರೆ ನಾನು ಯಾಕೆ ಕಾರ್ಯದರ್ಶಿ ಆಗುತ್ತಿದ್ದೆ?

ಮೂರು ಚೀಲ ಪುಸ್ತಕಗಳನ್ನು ಹೊತ್ತುಕೊಂಡು ಹೋಗಿ ಕೊಟ್ಟೆ. ಮರುದಿನ ನೋಡಿದರೆ ಎಲ್ಲಕ್ಕೂ ಖಾಕಿ ಬಣ್ಣದ ಬೈಂಡ್ ಹಾಕಿ ಸಾಲಾಗಿ ನಿಲ್ಲಿಸಿದ್ದಾಳೆ!

"ಬರದವರ ಹೆಸರು ಕಂಡ್ರ ಮನಸ್ಸು ವಾಲತದ. ಚಿತ್ರ ಕಂಡ್ರ ಇನ್ನೂ ವಾಲತದ. ಎಲ್ಲಾರೂ ಒಂದ ಯೂನಿಫಾರ್ಮಿನ್ಯಾಗ ಇರ್ಲಿ," ಎಂದಳು.

ಆಮೇಲೆ ಶುರುವಾಯಿತು ನಿಜವಾದ ಪರೀಕ್ಷೆ. ಆ ಬಿಲ್ಡಿಂಗಿನಲ್ಲಿ, ಅಕ್ಕಪಕ್ಕದಲ್ಲಿ ನಮ್ಮ ಕಡೆಯವರು, ಉಡುಪಿ ಮಂಗಳೂರು ಕಡೆಯವರು ಬಹಳ ಜನ. ಅವರ ಮಕ್ಕಳನ್ನು ಕರೆದು ಕೈಗೊಂದು ಪುಸ್ತಕ ಕೊಟ್ಟಳು. ಯಾವಾಗ ವಾಪಸು ಕೊಡಬೇಕೆಂದು ಹೇಳಲಿಲ್ಲ. ಎರಡು ತಿಂಗಳು ಸುಮ್ಮನೆ ಕೂತಳು. ಬೇಗ ವಾಪಸು ಬಂದದ್ದು ಫೇಲು. ಮಗುವಿಗೆ ಬಿಡಲು ಮನಸ್ಸಾಗದೆ ಬಾರದೇ ಉಳಿದದ್ದು ಪಾಸು!

"ಹಂಗಾದ್ರ ನೀ ಏನೂ ಓದಂಗಿಲ್ಲೇನು?" ಎಂದು ಕೇಳಿದೆ.

"ಎಲ್ಲಾ ಓದೇನೋ. ಆದ್ರ ನನಗ ಎಪ್ಪತ್ತೆರಡು ವರ್ಷ. ನನಗ ಸೇರಿದ್ದಕ್ಕ ಪ್ರಶಸ್ತಿ ಕೊಡಾಕ ಇದೇನು ಮುದುಕ್ಯಾರ ಪುಸ್ತಕ ಏನು?"

ಬೈಂಡ್ ಹಾಕುವ ಹುಮ್ಮಸ್ಸಿನಲ್ಲಿ ತನ್ನ ಅಡಿಗೆ ಪುಸ್ತಕಕ್ಕೂ ಹಾಕಿದ್ದಳಂತೆ. ಅದು ಎದುರು ಮನೆಯ ಅಣ್ಣತಂಗಿಯರ ಪಾಲಿಗೆ ಹೋಯಿತು. ವಾರದ ಮೇಲೆ ತಂದುಕೊಟ್ಟು, "ಸ್ಟೋರಿ ಅರ್ಥ ನಹೀ ಹುವಾ ಆಂಟಿ, ಆದ್ರೆ ಓದ್ತಾ ಓದ್ತಾ ಹಸಿವು ಲಗ್ತಾ ಹೈ" ಎಂದರಂತೆ.

ಇದರಲ್ಲಿ ನನ್ನದೂ ಒಂದು ಹಳೆಯ ಗಾಯ ಇದೆ. ಕೆಲವು ವರ್ಷಗಳ ಹಿಂದೆ ನಾನೂ ಮಕ್ಕಳಿಗೊಂದು ಕಾದಂಬರಿ ಬರೆದಿದ್ದೆ. ಚಿಗವ್ವ ಅದನ್ನು ಇದೇ ಬಿಲ್ಡಿಂಗಿನಲ್ಲಿ ಬಿಟ್ಟು ನೋಡಿದಳು. ಅದು ಅದೇ ಸಂಜೆ ವಾಪಸು ಬಂತು. ಕೊಟ್ಟದ್ದು ಒಂದು ಪ್ರತಿ, ಬಂದದ್ದು ಎರಡು! ಇನ್ನೊಂದು ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ.

ಇರಲಿ. ಆಯ್ಕೆಯ ಸಭೆ ಮುಂಬಯಿಯ ಫೋರ್ಟ್ ಭಾಗದಲ್ಲಿ, ನಮ್ಮ ಅಧ್ಯಕ್ಷರ ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಧ್ಯಕ್ಷರು ಉಡುಪಿಯವರು, ಎರಡನೆಯ ತೀರ್ಪುಗಾರರು ಕೂಡ. ಐದು ಹೆಸರು ಅಂದೇ ಸಂಜೆ ಅಚ್ಚಿಗೆ ಹೋಗಬೇಕಿತ್ತು. ಚಿಗವ್ವ ಖಾಲಿ ಕೈಯಲ್ಲಿ ಬಂದು ಒಂದು ಚೀಟಿ ಮುಂದಿಟ್ಟಳು.

"ಪುಸ್ತಕ ಎಲ್ಲಿ ಟೀಚರೇ?"

"ನನ್ನ ಕಡೆ ಇದ್ದಿದ್ರ ಆರಸ್ತಿದ್ದಿಲ್ರೀ."

ನಾನು ಪದ್ಧತಿಯನ್ನು ವಿವರಿಸಿದೆ. ಅಧ್ಯಕ್ಷರು ಕಾಫಿ ಕೆಳಗಿಟ್ಟರು. "ಎಂತ ಮಾರಾಯ್ರೇ! ನಮ್ಮ ಹೋಟೆಲಿಂದ ದಿನಾ ಚಮಚ ಹೋಗ್ತದೆ, ಒಂದೂ ವಾಪಸು ಬರೂದಿಲ್ಲ. ಅದಕ್ಕೆಲ್ಲ ಪ್ರಶಸ್ತಿ ಕೊಡ್ಲಿಕ್ಕೆ ಆಗ್ತದಾ?"

ಪುಣ್ಯಕ್ಕೆ ಅವರ ಹತ್ತಿರವೂ ಎಲ್ಲ ಪುಸ್ತಕಗಳ ಒಂದೊಂದು ಪ್ರತಿ ಇತ್ತು. ಓದಿಯೂ ಇದ್ದರು. ಚೀಟಿಯಲ್ಲಿದ್ದ ನಾಲ್ಕು ಅವರಿಗೂ ಸೇರಿದ್ದವು. ಜಗಳ ಬಂದದ್ದು ಐದನೆಯದಕ್ಕೆ. ಅದು ತೆಳ್ಳಗಿನ ಪುಸ್ತಕ, ಬರೆದವರ ಹೆಸರನ್ನು ಯಾರೂ ಕೇಳಿರಲಿಲ್ಲ. ಅದು ಯಾರ ಹತ್ತಿರ ಇದೆ ಎಂದು ಅಧ್ಯಕ್ಷರು ಕೇಳಿದರು. ಕೆಳಗಿನ ಮಾಳಿಗೆಯಲ್ಲಿರುವ ವಿಜಯಪುರದವರ ಮಗಳ ಹತ್ತಿರ, ಹದಿಮೂರು ವರ್ಷ, ಓದುವುದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ.

"ಕನ್ನಡ ಓದ್ಲಿಕ್ಕೆ ಬರ್ತದಾ?"

"ಇಲ್ಲ," ಎಂದಳು ಚಿಗವ್ವ. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ.

"ಹಾಗಾದ್ರೆ ಅದು ಕಳೆದುಹೋಗಿದೆ ಟೀಚರೇ. ಇಲ್ಲಾ ರದ್ದಿಗೆ ಹೋಗಿದೆ."

ಚಿಗವ್ವ ತನ್ನ ಚೀಟಿಯನ್ನು ಮತ್ತೊಮ್ಮೆ ಓದಿದಳು. ಪುಸ್ತಕ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದರೆ ಬರೆದವರ ಅವಕಾಶ ಹೋಯಿತು. ಚಿಗವ್ವನ ಪರೀಕ್ಷೆಯ ಮಾನವೂ ಹೋಯಿತು. ಅಧ್ಯಕ್ಷರು, "ಫೋನ್ ಮಾಡಿ ಕೇಳುವ, ಅದರಲ್ಲೇನು?" ಎಂದರು. ನಾನು ಚಿಗವ್ವನ ಫೋನಿನಿಂದ ಹುಡುಗಿಯ ಮನೆಗೆ ಹಚ್ಚಿ ಸ್ಪೀಕರ್ ಒತ್ತಿದೆ. ಅವಳೇ ಎತ್ತಿಕೊಂಡಳು.

"ಸಾರಿ ಆಂಟಿ! ಬುಕ್ ಅಭೀ ಖತಮ್ ನಹೀ ಹುವಾ. ಹನ್ನೊಂದು ಪೇಜ್ ಆಯ್ತು."

ಎರಡು ತಿಂಗಳಲ್ಲಿ ಹನ್ನೊಂದೇ ಪುಟ! ಅಧ್ಯಕ್ಷರು ಹುಬ್ಬು ಏರಿಸಿದರು.

"ಫಸ್ಟ್ ಪೇಜ್ ಪಪ್ಪಾ ಓದಿ ಹೇಳಿದ್ರು. ಆ ಹುಡುಗಿ ಒಬ್ಬಳೇ ಬೋಟ್ ಮೇಲೆ ಹೋಗ್ತಾಳಲ್ಲಾ, ಆಮೇಲೆ ಏನಾಗ್ತದೆ ಅಂತ ಹೇಳ್ಬೇಡಿ ಅಂದೆ. ಮೈ ಖುದ್ ಪಢೂಂಗಿ, ನಾನೇ ಓದ್ತೇನೆ. ಪಪ್ಪಾ ದಿನಾ ಎರಡು ಅಕ್ಷರ ಕಲಿಸ್ತಾರೆ. ಒತ್ತಕ್ಷರ ಬಹುತ್ ಡೇಂಜರ್ ಹೈ ಆಂಟಿ." ಆಮೇಲೆ ಸ್ವಲ್ಪ ಹೆದರಿದ ದನಿಯಲ್ಲಿ, "ಬುಕ್ ವಾಪಸ್ ಬೇಕಾ?" ಎಂದಳು.

ಚಿಗವ್ವ ಫೋನನ್ನು ತನ್ನ ಹತ್ತಿರ ಎಳೆದುಕೊಂಡಳು. ಮಕ್ಕಳಿಲ್ಲವೆಂದು ಅವಳ ಶಾಲೆ ಮುಚ್ಚಿತ್ತು. ಕೊನೆಯ ವರ್ಷ ಅವಳ ತರಗತಿಯಲ್ಲಿ ಇದ್ದವರು ಮೂವರು, ದೀಪಾವಳಿ ರಜೆ ಮುಗಿದ ಮೇಲೆ ಅವರೂ ಬರಲಿಲ್ಲ. ಅದನ್ನು ಅವಳು ನಮಗೆಲ್ಲ ನಗುನಗುತ್ತಲೇ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು. ಆಗ ನಗಬಾರದಿತ್ತು ಎಂದು ನನಗೆ ಈಗ ಅನಿಸಿತು.

"ಬ್ಯಾಡವ್ವಾ," ಎಂದಳು ಕೊನೆಗೆ. "ಎಷ್ಟು ದಿನಾ ಬೇಕೋ ಅಷ್ಟು ತಗೋ. ಅಕ್ಷರ ತಿಳೀಲಿಲ್ಲಂದ್ರ ಮ್ಯಾಲ ಬಾ. ನಾ ಇರ್ತೀನಿ."

ಅಧ್ಯಕ್ಷರು ಐದನೆಯ ಹೆಸರನ್ನು ತಾವೇ ಬರೆದು, ಮೂಗು ಒರೆಸಿಕೊಂಡು, ಇನ್ನೊಂದು ಕಾಫಿ ಹೇಳಿದರು.

ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಚಿಗವ್ವ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಬಾಂದ್ರಾ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಒಬ್ಬಾಕೀನೇ ಇದ್ರೂ ಅದು ಕ್ಲಾಸ ಅಲ್ಲೇನೋ?"

"ಹೌದು ಚಿಗವ್ವ," ಎಂದೆ.