ಗುರುಮಲ್ಲಪ್ಪನವರ ರೈಲು ಒಂದು ಸುತ್ತು ಹೊಡೆದದ್ದು

"ವಿಜಯದಶಮಿ ದಿನ ಈ ರೈಲು ಪೂರ್ತಿ ಒಂದು ಸುತ್ತು ಹೊಡೀಲಿಲ್ಲ ಅಂದ್ರೆ, ನನ್ನ ಗುರುಮಲ್ಲಪ್ಪ ಅಂತ ಕರೀಬೇಡಿ ಯಶೋಧಮ್ಮ" ಎಂದು ಗುರುಮಲ್ಲಪ್ಪನವರು ಎದೆ ತಟ್ಟಿಕೊಂಡರು. ತಟ್ಟಿದ ಸದ್ದಿಗಿಂತ ಅದರ ಹಿಂದೆಯೇ ಬಂದ ಕೆಮ್ಮು ಜೋರಾಗಿತ್ತು.

ಯಶೋಧಮ್ಮ ಹೇಳಿದ್ದಾದರೂ ಇಷ್ಟೇ: "ಈ ರೂಮಿನ ವಿಷ್ಯ ಒಂದು ಮಾತಾಡ್ಬೇಕಿತ್ತು. ರೈಲು ಓಡುತ್ತೋ ಇಲ್ವೋ ಅನ್ನೋದು ಮೊದ್ಲು ಗೊತ್ತಾಗ್ಲಿ." ಮುಂದೆ ಇನ್ನೇನೋ ಹೇಳಲು ಅವರು ಬಾಯಿ ತೆರೆದಿದ್ದರು. ಆದರೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ಗುರುಮಲ್ಲಪ್ಪನವರಿಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ. ಓಡಿದರೆ ಕೋಣೆ ಉಳಿಯುತ್ತದೆ, ಓಡದಿದ್ದರೆ ಗಂಟುಮೂಟೆ ಕಟ್ಟಬೇಕು ಎಂದು ತಾವೇ ತೀರ್ಮಾನಿಸಿ ಮೆಟ್ಟಿಲು ಇಳಿದುಬಿಟ್ಟರು.

ನಜರ್‌ಬಾದಿನಲ್ಲಿ ಯಶೋಧಮ್ಮನವರ ಮನೆಯ ಆ ಮಹಡಿ ಕೋಣೆಯೇ ಕಿರುರೈಲು ಸಂಘದ ಕಚೇರಿ, ಕಾರ್ಯಾಗಾರ, ಸಭಾಂಗಣ. ಕೋಣೆ ತುಂಬ ಒಂದೇ ಮರದ ಹಲಗೆ. ಅದರ ಮೇಲೆ ಬೆರಳಗಲದ ಹಳಿ, ಸುರಂಗ, ರಟ್ಟಿನ ನಿಲ್ದಾಣ, ಗೇಣುದ್ದದ ಎಂಜಿನ್. ಎಲ್ಲವನ್ನೂ ಕಟ್ಟಿದವರು ಯಶೋಧಮ್ಮನವರ ಗಂಡ ವಾಗೀಶ. ಅವರು ಶಿವರಾತ್ರಿ ಕಳೆದ ಮೇಲೆ ತೀರಿಕೊಂಡಿದ್ದರು. ಒಂದು ಕಾಲಕ್ಕೆ ಹನ್ನೊಂದು ಜನರಿದ್ದ ಸಂಘದಲ್ಲಿ ಈಗ ಉಳಿದಿದ್ದದ್ದು ಗುರುಮಲ್ಲಪ್ಪನವರು, ಟಿವಿ ರಿಪೇರಿಯ ಮನೋಹರ್ ಮತ್ತು ಒಂದು ರಬ್ಬರ್ ಸ್ಟಾಂಪು.

ನಗುವ ಮಾತಲ್ಲ. ವಿದ್ಯಾರಣ್ಯಪುರಂನ ಮನೆಯಲ್ಲಿ ನಿವೃತ್ತಿಯ ನಂತರ ಗುರುಮಲ್ಲಪ್ಪನವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದಿನಕ್ಕೊಂದು ಪ್ರಶ್ನೆ, ಅದೂ "ಹಾಲು ತಂದ್ರಾ?" ಎಂಬುದು. ಈ ಕೋಣೆಯಲ್ಲಿ ಮಾತ್ರ ಮಧ್ಯಾಹ್ನ ಮೂರರಿಂದ ಆರರವರೆಗೆ ಅವರು ಅಧ್ಯಕ್ಷರು. ಆ ಮೂರು ಗಂಟೆಯೂ ಹೋದರೆ ಉಳಿದ ಇಪ್ಪತ್ತೊಂದು ಗಂಟೆಯನ್ನು ಹೇಗೆ ಕಳೆಯುವುದೆಂದು ನೆನೆದರೆ ಅವರಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಹಳೆಯ ಹಳಿ ತುಕ್ಕು ಹಿಡಿದಿತ್ತು, ವೈರುಗಳನ್ನು ಇಲಿ ಕಡಿದಿತ್ತು. ಎಲ್ಲ ಹೊಸದಾಗಿಯೇ ಆಗಬೇಕು.

"ಸಾರ್, ಯಾವ ವೈರು ಎಲ್ಲಿಗೆ ಹೋಗ್ತದೆ ಅಂತ ಮೊದ್ಲು ಬರ್ಕೊಳಣ" ಎಂದ ಮನೋಹರ್. "ಆಮೇಲೆ ಒಂದೊಂದೇ ಬಿಚ್ಚಣ."

"ವೈರಿನ ವಿಷ್ಯ ನಂಗೆ ಹೇಳ್ಕೊಡ್ತೀಯೇನಯ್ಯ? ಕರೆಂಟ್ ಆಫೀಸಲ್ಲಿ ಮೂವತ್ತಾರು ವರ್ಷ ಕೂತು ಬಂದೋನು ಕಣಯ್ಯ ನಾನು."

ಕೂತಿದ್ದೇನೋ ನಿಜ. ಕೂತಿದ್ದು ಟಪಾಲು ವಿಭಾಗದಲ್ಲಿ ಎಂಬುದನ್ನು ಮಾತ್ರ ಅವರು ಹೊರಗೆ ಆಡುತ್ತಿರಲಿಲ್ಲ.

ಮರುದಿನ ಮನೋಹರ್ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅಧ್ಯಕ್ಷರು ಕತ್ತರಿ ಹಿಡಿದು ಕಾರ್ಯಾಚರಣೆ ಮುಗಿಸಿದ್ದರು. ಹಲಗೆಯ ಕೆಳಗಿನ ವೈರೆಲ್ಲ ಬಕೆಟ್ಟಿನಲ್ಲಿ ಶಾವಿಗೆಯಾಗಿ ಬಿದ್ದಿತ್ತು. ಹಳಿಗಳನ್ನು ಅಂಟು ಹಾಕಿ ಕೂರಿಸಿದ್ದರಿಂದ, ಎಳೆದ ಕಡೆಯಲ್ಲೆಲ್ಲ ಹಲಗೆಯ ಚಕ್ಕೆಯೂ ಕಿತ್ತು ಬಂದಿತ್ತು. ನಿಲ್ದಾಣ ಮಗುಚಿತ್ತು. ಸುರಂಗದ ಮೇಲೆ ಅಧ್ಯಕ್ಷರು ಮರೆತು ಕೂತಿದ್ದರು.

ಮನೋಹರ್ ಬಕೆಟ್ಟಿನೊಳಗೆ ಬಹಳ ಹೊತ್ತು ನೋಡಿದ. "ಎಲ್ಲಾ ಕೆಂಪು ವೈರೇ ಅಲ್ವಾ ಸಾರ್. ಇನ್ನು ಯಾವ್ದು ಎಲ್ಲೀದು ಅಂತ ಆ ವಾಗೀಶ್ ಸಾರೇ ಬಂದು ಹೇಳ್ಬೇಕು."



ಆಮೇಲಿನ ಇಪ್ಪತ್ತು ದಿನ ಮನೋಹರ್ ಹೊಸ ಹಳಿ ಕೂರಿಸಿ, ಸುರಂಗ ನೆಟ್ಟಗೆ ಮಾಡಿ, ಹಲಗೆಯ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕಿದ. ಅಧ್ಯಕ್ಷರು ಟಾರ್ಚು ಹಿಡಿದು ಮಾರ್ಗದರ್ಶನ ಮಾಡಿದರು. ಎಂಟನೆಯ ದಿನ ಅವರಿಗೂ ಕೈ ತಡೆಯಲಿಲ್ಲ. ಮನೋಹರ್ ಟೀ ಕುಡಿಯಲು ಹೋಗಿದ್ದಾಗ ಎರಡು ವೈರು ತಾವೇ ಕೂಡಿಸಿದರು. ಫಟ್ ಎಂದಿತು. ಇಡೀ ಮನೆಯ ಕರೆಂಟು ಹೋಯಿತು. ಯಶೋಧಮ್ಮ ಕೈಯಲ್ಲಿ ಅರ್ಧ ಹೊಲಿದ ರವಿಕೆ ಹಿಡಿದು ಮೇಲೆ ಬಂದರು.

"ಅಡುಗೆಮನೇಲಿ ಮೊದ್ಲೇ ಕತ್ಲು ಕಣ್ರೀ. ಈಗ ಮಿಷನ್ನೂ ನಿಂತೋಯ್ತು."

"ಕೆಲಸ ಮುಂದುವರೀತಿದೆ ಅನ್ನೋದಕ್ಕೆ ಇದೇ ಗುರುತು ಅಮ್ಮಾ" ಎಂದರು ಗುರುಮಲ್ಲಪ್ಪನವರು, ಸುಟ್ಟ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಅಂತೂ ಆಯುಧಪೂಜೆಯ ಹಿಂದಿನ ದಿನ ಕೆಲಸ ಮುಗಿಯಿತು. ಎಂಜಿನ್ ಇಲ್ಲೊಂದು ಮಾರು, ಅಲ್ಲೊಂದು ಮಾರು ಓಡಿ ತೋರಿಸಿತು. ಪೂರ್ತಿ ಸುತ್ತು ಮಾತ್ರ ವಿಜಯದಶಮಿಯ ಮುಹೂರ್ತಕ್ಕೇ ಎಂದು ಅಧ್ಯಕ್ಷರ ಅಪ್ಪಣೆಯಾಯಿತು.

ಮನೆಯಲ್ಲಿ ಅವರ ಹೆಂಡತಿ ನೀಲಮ್ಮ ಸ್ಕೂಟರು ತೊಳೆಯುತ್ತಿದ್ದರು. "ಸ್ಕೂಟ್ರಿಗೆ ಪೂಜೆ, ಮಿಕ್ಸಿಗೆ ಪೂಜೆ. ಇಪ್ಪತ್ತು ದಿನದಿಂದ ನಿಮ್ಮನ್ನ ನುಂಗಿ ಕೂತಿರೋ ಆ ರೈಲಿಗೆ ಬೇಡ್ವಾ? ಬೀಗದ ಕೈ ಕೊಡಿ. ನಾಳೆ ನಾನೇ ಹೋಗಿ ಮಾಡ್ಬುಟ್ಟು ಬರ್ತೀನಿ."

ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ರೈಲಿನ ಬಗ್ಗೆ ಆಕೆ ಆಡಿದ ಮೊದಲ ಒಳ್ಳೆಯ ಮಾತು ಅದು. ಗುರುಮಲ್ಲಪ್ಪನವರು ಕರಗಿ ನೀರಾದರು. ಬೀಗದ ಕೈಯ ಜೊತೆಗೆ ಆಟೋಗೂ ದುಡ್ಡು ಕೊಟ್ಟರು.

ವಿಜಯದಶಮಿಯ ಬೆಳಗ್ಗೆ ಊರೆಲ್ಲ ಅರಮನೆಯ ಕಡೆಗೆ ಹೊರಟಿತ್ತು. ನಾಲ್ಕು ಜನ ಮಾತ್ರ ನಜರ್‌ಬಾದಿನ ಮಹಡಿ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ. ಗುರುಮಲ್ಲಪ್ಪನವರು ಎರಡು ಮಾತು ಭಾಷಣ ಮಾಡಿ ಗುಂಡಿ ತಿರುಗಿಸಿದರು.

ರೈಲು ಅಲುಗಲಿಲ್ಲ.

ಇನ್ನಷ್ಟು ತಿರುಗಿಸಿದರು. ಎಂಜಿನ್ ಹೂವು ಮುಡಿದುಕೊಂಡು ಮದುಮಗಳಂತೆ ಕೂತೇ ಇತ್ತು. "ನಿನ್ನ ಬೆಸುಗೆ ಕೈ ಕೊಡ್ತು ಕಣಯ್ಯ" ಎಂದು ಗುರುಮಲ್ಲಪ್ಪನವರು ತಪ್ಪನ್ನು ಮನೋಹರನ ಮೇಲೆ ಹಾಕಿ, ಪಂಚೆ ಸಮೇತ ಹಲಗೆಯ ಕೆಳಗೆ ನುಗ್ಗಿದರು. ಕೈಗೆ ಸಿಕ್ಕ ಎರಡು ವೈರು ಕಿತ್ತರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೇಲಿನಿಂದ ಮನೋಹರನ ದನಿ ಕೇಳಿಸಿತು.

"ಸಾರ್, ಹಳಿ ಮೇಲೆ ಬೆಳ್ಳಗೆ ಇದೇನು?"

"ವಿಭೂತಿ" ಎಂದರು ನೀಲಮ್ಮ. "ಉದ್ದಕ್ಕೂ ಬಳಿದಿದೀನಿ. ಒಂದು ಕಡೆ ಬಳಿದು ಒಂದು ಕಡೆ ಬಿಟ್ರೆ ಚೆನ್ನಾಗಿರುತ್ತಾ? ಚಕ್ರಕ್ಕೂ ಒಂದೊಂದಾಗಿ ಹಚ್ಚಿದೀನಿ. ಸೊಂಟ ಬಿದ್ದೋಯ್ತು ನಂಗೆ."

"ಅಮ್ಮಾ, ಹಳಿಯಿಂದ ಚಕ್ರಕ್ಕೆ ಕರೆಂಟು ಹತ್ಬೇಕು. ಮಧ್ಯೆ ವಿಭೂತಿ ಕೂತ್ರೆ ಎಂಗಮ್ಮ ಹತ್ತುತ್ತೆ?"

"ಅದನ್ನ ಇವ್ರು ಹೇಳ್ಬೇಕಿತ್ತು. ಕರೆಂಟ್ ಆಫೀಸಿನೋರಲ್ವಾ."

ಗುರುಮಲ್ಲಪ್ಪನವರು ಎದ್ದ ರಭಸಕ್ಕೆ ತಲೆ ಹಲಗೆಗೆ ಬಡಿಯಿತು. ಅಲ್ಲಿಂದ ಮುಂದೆ ಅವರು ಏನೂ ಮಾಡಲಿಲ್ಲ, ಆದ್ದರಿಂದ ಎಲ್ಲವೂ ಸರಿಯಾಯಿತು. ಮನೋಹರ್ ಕಿತ್ತ ವೈರು ಕೂಡಿಸಿದ. ನೀಲಮ್ಮ ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಹಳಿ ಒರೆಸಿ, ಚಕ್ರಗಳನ್ನೂ ಒರೆಸಿಕೊಟ್ಟರು.

ರೈಲು ಹೊರಟಿತು. ಸುರಂಗ ಹೊಕ್ಕು ಆಚೆ ಬಂತು. ತಿರುವಿನಲ್ಲಿ ಒಂದು ಗಳಿಗೆ ಹಿಂದೆಮುಂದೆ ನೋಡಿ ಮತ್ತೆ ಹೊರಟು, ಗೋಡೆಯ ಪಕ್ಕದಲ್ಲಿ ಹಾದು, ಹೊರಟಲ್ಲಿಗೇ ಬಂದು ನಿಂತಿತು. ಪೂರ್ತಿ ಒಂದು ಸುತ್ತು. ಗುರುಮಲ್ಲಪ್ಪನವರ ಕಣ್ಣು ತುಂಬಿತು. ಯಶೋಧಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

"ಹದಿನಾರು ವರ್ಷ ಆಯ್ತು ಗುರುಮಲ್ಲಪ್ಪನೋರೇ" ಎಂದರು. "ಒಂದು ಸುತ್ತು ಪೂರ್ತಿ ಓಡಿದ ದಿನವೇ ಇದನ್ನ ಬಿಚ್ಚಿ ರೂಮು ನಿಂಗೆ ಬಿಟ್ಕೊಡ್ತೀನಿ ಅಂತ ಮಾತು ಕೊಟ್ಟಿದ್ರು ನಮ್ಮೋರು. ಪಾಪ, ಪ್ರತಿ ಸಲ ಏನೋ ಒಂದು ಕಮ್ಮಿ ಬೀಳೋದು. ನಾನು ಆ ಅಡುಗೆಮನೆ ಮೂಲೇಲೇ ಹೊಲ್ಕೊಂಡು ಕಣ್ಣು ಕಳ್ಕೊಂಡೆ. ನಿಮ್ಮ ಕೈಲೂ ಆಗಲ್ಲ ಅಂದಿದ್ರೆ, ಅವ್ರ ನೆನಪಿಗೆ ಹಂಗೇ ಇರ್ಲಿ ಬುಡು ಅಂತ ಸುಮ್ನಾಗ್ತಿದ್ದೆ. ಅವ್ರ ಮಾತು ನೀವು ಉಳಿಸಿಕೊಟ್ರಿ."

ಮನೋಹರ್ ಕಿಟಕಿಯ ಆಚೆ ನೋಡಿದ. ಯಾವುದಕ್ಕೂ ಒಂದು ಮಾತು ಸಿದ್ಧವಿಟ್ಟಿರುತ್ತಿದ್ದ ನೀಲಮ್ಮ ಕೂಡ ಒರೆಸಿದ ಹಳಿಯನ್ನೇ ಮತ್ತೆ ಒರೆಸತೊಡಗಿದರು. ಗುರುಮಲ್ಲಪ್ಪನವರಿಗೆ ಹೆಚ್ಚು ಸಂಕಟವಾದದ್ದು ಅದರಿಂದಲೇ. ಯಶೋಧಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಬಿಚ್ಚೋಕೆ ಎಷ್ಟು ದಿನ ಬೇಕಾಗ್ಬೋದು?" ಎಂದು ಯಶೋಧಮ್ಮ ಕೇಳಿದರು.

ಗುರುಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. "ಬಹಳ ನಾಜೂಕಿನ ಕೆಲಸ ಕಣಮ್ಮ. ಆತುರ ಮಾಡೋ ಹಂಗಿಲ್ಲ. ಒಂದೆರಡು ವರ್ಷ ಹಿಡೀಬೋದು."

"ನಮ್ಮೋರೂ ಹಿಂಗೇ ಅನ್ನೋರು" ಎಂದು ಯಶೋಧಮ್ಮ ಸ್ಕ್ರೂಡ್ರೈವರು ಎತ್ತಿ ಅವರ ಕೈಗಿಟ್ಟರು. "ಕಾಫಿ ತರ್ತೀನಿ. ನೀವು ಶುರು ಮಾಡ್ಕೊಳಿ."